ಮ್ಯೂಸಿಕ್ ಮ್ಯಾಗಜೀನಿನ ಎರಡು ಪುಟ: ನೋಡುವುದು ಹೇಗೆ, ಬರೆಯುವುದು ಹೇಗೆ

‘ಈ ಪುಟದ ವಿನ್ಯಾಸ ತುಂಬಾ ಆಕರ್ಷಕವಾಗಿದೆ. ಬಣ್ಣಗಳು ಓದುಗರ ಗಮನ ಸೆಳೆಯುತ್ತವೆ.’

ಪತ್ರಿಕೋದ್ಯಮ ಓದುತ್ತಿರುವ ನನ್ನ ಅಕ್ಕನ ಮಗಳು ಹೋದ ತಿಂಗಳು ತೋರಿಸಿದ ಅಸೈನ್‌ಮೆಂಟ್ ಶುರುವಾಗಿದ್ದು ಹೀಗೆ. ಒಂದು ಮ್ಯೂಸಿಕ್ ಮ್ಯಾಗಜೀನಿನ ಡಬಲ್ ಸ್ಪ್ರೆಡ್, ಅಂದರೆ ಎದುರುಬದುರಿನ ಎರಡು ಪುಟ ತೆಗೆದುಕೊಂಡು ಅದರ ಲೇಔಟ್ ವಿಶ್ಲೇಷಣೆ ಮಾಡಿ ಅಂತ ಕೊಟ್ಟಿದ್ದರಂತೆ. ನಾನು ಕೇಳಿದೆ, ‘ಇದೇ ಎರಡು ಸಾಲನ್ನ ಸೀರೆ ಅಂಗಡಿಯ ಪಾಂಪ್ಲೆಟ್‌ಗೂ ಬರೀಬಹುದಲ್ವಾ?’ ‘ಬರೀಬಹುದು ಮಾಮ’ ಅಂದಳು. ಹಾಗಿದ್ದರೆ ಅದು ಈ ಪುಟದ ಬಗ್ಗೆ ಬರೆದದ್ದಲ್ಲ.

ನಾನು ಇಪ್ಪತ್ತು ವರ್ಷದಿಂದ ಪೇಜ್ ಮಾಡುವ ಕೆಲಸದಲ್ಲೇ ಇರುವವನು. ಅವಳನ್ನು ಕೂರಿಸಿಕೊಂಡು ಒಂದು ಭಾನುವಾರ ಪೂರ್ತಿ ಒಂದೇ ಒಂದು ಸ್ಪ್ರೆಡ್ ನೋಡಿದೆವು. ಆವತ್ತು ಮಾಡಿದ್ದನ್ನೇ ಇಲ್ಲಿ ಹೇಳುತ್ತೇನೆ. ನಿಮಗೂ ಇಂಥ ಅಸೈನ್‌ಮೆಂಟ್ ಇದ್ದರೆ, ಅಥವಾ ಸುಮ್ನೆ ಕುತೂಹಲ ಇದ್ದರೆ, ಒಂದು ಮ್ಯಾಗಜೀನ್ ಪಕ್ಕದಲ್ಲಿಟ್ಟುಕೊಂಡೇ ಓದಿ.

ಮ್ಯಾಗಜೀನ್ ಅಂದರೆ ಅಚ್ಚಾದದ್ದೇ ಬೇಕು. ಪಿಡಿಎಫ್‌ನಲ್ಲಿ ಸಾಮಾನ್ಯವಾಗಿ ಒಂದೊಂದೇ ಪುಟ ಕಾಣುತ್ತದೆ, ಆದರೆ ಸ್ಪ್ರೆಡ್ ಅನ್ನುವುದು ತೆರೆದಾಗ ಎದುರುಬದುರು ಬರುವ ಎರಡು ಪುಟ ಸೇರಿ ಆಗುವ ಒಂದು ಚಿತ್ರ. ಎ4 ಅಳತೆಯ ಮ್ಯಾಗಜೀನ್ ಆದರೆ 42 ಸೆಂ.ಮೀ. ಅಗಲ, 29.7 ಸೆಂ.ಮೀ. ಎತ್ತರ. ಡಿಸೈನರ್ ತಲೆಯಲ್ಲಿ ಇದು ಎರಡು ಹಾಳೆ ಅಲ್ಲ, ಒಂದೇ. ಇದರ ಜೊತೆ ಒಂದು ಸ್ಕೇಲು, ಪೆನ್ಸಿಲ್, ಸ್ಟೇಷನರಿ ಅಂಗಡಿಯಲ್ಲಿ ಸಿಗುವ ಬಟರ್ ಪೇಪರ್ ಒಂದು ಹಾಳೆ, ಮತ್ತೆ ಫೋನು. ಅಷ್ಟೇ.

ನಾವು ನೋಡಿದ್ದು ನಾನು ಎಷ್ಟೋ ವರ್ಷದ ಹಿಂದೆ ಅವೆನ್ಯೂ ರಸ್ತೆಯ ಫುಟ್‌ಪಾತಿನಲ್ಲಿ ಕೊಂಡಿದ್ದ ಒಂದು ಇಂಗ್ಲಿಷ್ ರಾಕ್ ಮಾಸಿಕ. ಮುಖಪುಟ ಹರಿದುಹೋಗಿದೆ. ನಡುವೆ ಒಬ್ಬ ಡ್ರಮ್ಮರ್ ಬಗ್ಗೆ ಲೇಖನ ಇದೆ. ಎಡಪುಟ ಪೂರ್ತಿ ಅವನ ಕಪ್ಪು ಬಿಳುಪು ಫೋಟೊ. ಬಲಪುಟದಲ್ಲಿ ಮೇಲೆ ಸ್ವಲ್ಪ ವಾರೆಯಾಗಿ ಕೂತ ಎರಡೇ ಪದದ ಕೆಂಪು ಹೆಡ್‌ಲೈನ್, ಕೆಳಗೆ ಮೂರು ಕಾಲಂ ಬರಹ.

ಮೊದಲ ಕೆಲಸ: ಓದಬೇಡಿ. ಸ್ಪ್ರೆಡ್ ತೆರೆಯಿರಿ, ಮನಸ್ಸಿನಲ್ಲೇ ಐದು ಎಣಿಸಿ, ಮುಚ್ಚಿ. ಕಣ್ಣು ಮೊದಲು ಎಲ್ಲಿಗೆ ಹೋಯಿತು, ಆಮೇಲೆ ಎಲ್ಲಿಗೆ, ಮೂರನೆಯದಾಗಿ ಎಲ್ಲಿಗೆ ಅಂತ ಬರೆದುಕೊಳ್ಳಿ. ಇದನ್ನು ಯಾಕೆ ಮೊದಲೇ ಮಾಡಬೇಕೆಂದರೆ ಒಂದು ಸಲ ಓದಿಬಿಟ್ಟರೆ ಮತ್ತೆ ಹೊಸ ಕಣ್ಣು ಸಿಗುವುದಿಲ್ಲ. ಅಂಗಡಿಯಲ್ಲಿ ನಿಂತು ಪುಟ ತಿರುವುವವನು ನೋಡುವ ಹಾಗೆ ನೀವು ನೋಡಲು ಸಾಧ್ಯ ಇರುವುದು ಈ ಐದು ಸೆಕೆಂಡು ಮಾತ್ರ. ಅಕ್ಕನ ಮಗಳು ಬರೆದದ್ದು: ಕೈ, ಕೆಂಪು ಅಕ್ಷರ, ಮುಖ. ಮುಖ ಮೂರನೆಯದು! ನಮ್ಮ ಕಣ್ಣು ಮನುಷ್ಯನ ಮುಖ ಕಂಡರೆ ಮೊದಲು ಅಲ್ಲಿಗೇ ಹೋಗುವುದು ವಾಡಿಕೆ. ಇಲ್ಲಿ ಹೋಗಲಿಲ್ಲ ಅಂದರೆ ಯಾರೋ ಬೇಕಂತಲೇ ಏನೋ ಮಾಡಿದ್ದಾರೆ. ವಿಶ್ಲೇಷಣೆ ಶುರುವಾಗುವುದು ಇಂಥ ಕಡೆಯಿಂದ.

ಇನ್ನೊಂದು ಹಳೆ ಉಪಾಯ ಇದೆ. ಮ್ಯಾಗಜೀನನ್ನು ತಲೆಕೆಳಗು ಮಾಡಿ, ಕಣ್ಣು ಕಿರಿದು ಮಾಡಿ ನೋಡಿ. ಅಕ್ಷರ ಅಕ್ಷರವಾಗಿ ಕಾಣುವುದಿಲ್ಲ, ಮುಖ ಮುಖವಾಗಿ ಕಾಣುವುದಿಲ್ಲ. ಕಪ್ಪು, ಬೂದು, ಬಿಳಿ ಮುದ್ದೆಗಳಷ್ಟೇ ಉಳಿಯುತ್ತವೆ. ಯಾವ ಕಡೆ ಭಾರ ಜಾಸ್ತಿ, ಎಲ್ಲಿ ಖಾಲಿ ಇದೆ ಅನ್ನುವುದು ಆಗ ಗೊತ್ತಾಗುತ್ತದೆ.

ಈಗ ಬಟರ್ ಪೇಪರ್ ಹಾಸಿ. ಫೋಟೊ, ಹೆಡ್‌ಲೈನ್, ಕಾಲಂ, ಖಾಲಿ ಜಾಗ, ಎಲ್ಲಕ್ಕೂ ಸುತ್ತ ಒಂದೊಂದು ಚೌಕ ಎಳೆಯಿರಿ. ಆಮೇಲೆ ಅಳೆಯಿರಿ. ಬಹಳ ಜನ ಈ ಹಂತವನ್ನೇ ಬಿಟ್ಟುಬಿಡುತ್ತಾರೆ. ನನ್ನ ಪ್ರಕಾರ ಅರ್ಧ ವಿಶ್ಲೇಷಣೆ ಇರುವುದೇ ಇದರಲ್ಲಿ. ನಮ್ಮ ಡ್ರಮ್ಮರ್ ಪುಟದಲ್ಲಿ ಒಂದೊಂದು ಕಾಲಂ 5.5 ಸೆಂ.ಮೀ. ಅಗಲ, ನಡುವೆ ಅರ್ಧ ಸೆಂ.ಮೀ. ಸಂದು. ಬರಹದ ಎತ್ತರ 16 ಸೆಂ.ಮೀ. ಲೆಕ್ಕ ಹಾಕಿದರೆ ಇಡೀ ಸ್ಪ್ರೆಡ್‌ನಲ್ಲಿ ಓದುವ ಬರಹಕ್ಕೆ ಸಿಕ್ಕಿರುವುದು ಕಾಲು ಭಾಗಕ್ಕಿಂತ ಕಡಿಮೆ. ಅರ್ಧ ಫೋಟೊಗೆ ಹೋಗಿದೆ. ಉಳಿದದ್ದು ಹೆಡ್‌ಲೈನು ಮತ್ತು ಬಿಳಿ ಜಾಗ. ಅಂದರೆ ಈ ಎರಡು ಪುಟದ ಕೆಲಸ ಓದಿಸುವುದಲ್ಲ, ತಿರುವುವ ಕೈಯನ್ನು ನಿಲ್ಲಿಸುವುದು. ಓದಿಸುವ ಕೆಲಸ ಮುಂದಿನ ಪುಟಗಳದ್ದು. ಅಲ್ಲಿ ಪುಟ ತಿರುಗಿಸಿದರೆ ಬರಹ ಗಿಜಿಗಿಜಿ ಅನ್ನುತ್ತದೆ, ಫೋಟೊ ಸಣ್ಣದಾಗಿದೆ. ಮ್ಯಾಗಜೀನಿನಲ್ಲಿ ಜಾಗ ಅಂದರೆ ದುಡ್ಡು. ಒಂದು ಪುಟ ಪೂರ್ತಿ ಫೋಟೊ ಹಾಕಿದರೆ ಆ ಪುಟದಲ್ಲಿ ಜಾಹೀರಾತು ಬರುವುದಿಲ್ಲ. ಹಾಗಾಗಿ ಯಾವುದಕ್ಕೆ ಎಷ್ಟು ಜಾಗ ಕೊಟ್ಟರು ಅನ್ನುವುದೇ ಅವರು ಯಾವುದಕ್ಕೆ ಎಷ್ಟು ಬೆಲೆ ಕಟ್ಟಿದರು ಅನ್ನುವುದರ ಲೆಕ್ಕ.

ಬಟರ್ ಪೇಪರಿನ ಮೇಲೆ ಗೆರೆಗಳು ಒಂದರ ಕೆಳಗೊಂದು ಸಾಲಾಗಿ ಬಂದರೆ ಅದೇ ಗ್ರಿಡ್. ಹೆಡ್‌ಲೈನಿನ ಎಡ ಅಂಚು ಮೊದಲ ಕಾಲಂನ ಎಡ ಅಂಚಿಗೆ ಕೂತಿದೆಯಾ? ಪುಲ್ ಕೋಟ್ (ಲೇಖನದಿಂದ ಎತ್ತಿ ದೊಡ್ಡದಾಗಿ ಹಾಕಿದ ಮಾತು) ಎರಡು ಕಾಲಂ ಅಗಲಕ್ಕೆ ಸರಿಯಾಗಿದೆಯಾ, ಇಲ್ಲ ಬೇಕಂತಲೇ ಒಂದೂವರೆಗೆ ನಿಂತಿದೆಯಾ? ಗ್ರಿಡ್ ಇದೆ ಅಂತ ಬರೆದರೆ ಏನೂ ಹೇಳಿದ ಹಾಗಾಗಲಿಲ್ಲ, ಹೆಚ್ಚುಕಡಿಮೆ ಎಲ್ಲ ಮ್ಯಾಗಜೀನಿಗೂ ಗ್ರಿಡ್ ಇರುತ್ತದೆ. ಗ್ರಿಡ್ ತಪ್ಪಿಸಿಕೊಂಡು ಆಚೆ ಬಂದದ್ದು ಯಾವುದು ಅಂತ ಹುಡುಕಿ. ನಮ್ಮ ಸ್ಪ್ರೆಡ್‌ನಲ್ಲಿ ತಪ್ಪಿಸಿಕೊಂಡದ್ದು ಒಂದೇ: ಆ ವಾರೆ ಹೆಡ್‌ಲೈನು.

ಫೋಟೊಗೆ ಬರೋಣ. ಮೊದಲು ಯಾರು ಅಂತ ನೋಡಬೇಡಿ, ಎಲ್ಲಿಂದ ತೆಗೆದದ್ದು ಅಂತ ನೋಡಿ. ಕ್ಯಾಮೆರಾ ಕೆಳಗಿನಿಂದ ಮೇಲಕ್ಕೆ ನೋಡಿದರೆ ಮನುಷ್ಯ ದೊಡ್ಡವನಾಗಿ ಕಾಣುತ್ತಾನೆ. ಕಣ್ಣಿನ ಮಟ್ಟಕ್ಕಿದ್ದರೆ ಎದುರು ಕೂತು ಮಾತಾಡಿದ ಹಾಗೆ. ಆಮೇಲೆ ಎಲ್ಲಿ ಕತ್ತರಿಸಿದ್ದಾರೆ ನೋಡಿ. ನಮ್ಮ ಡ್ರಮ್ಮರ್ ಎತ್ತಿದ ಬಲಗೈಯಲ್ಲಿ ಕೋಲು ಅಲುಗಿ ಮಸುಕಾಗಿದೆ, ಎಡಗೈಯ ಕೋಲು ಮಾತ್ರ ಗೆರೆ ಎಳೆದ ಹಾಗೆ ಸ್ಪಷ್ಟ. ಸಿಂಬಲ್ ತಟ್ಟೆ ಎಡ ಅಂಚಿನಲ್ಲಿ ಅರ್ಧಕ್ಕೇ ಕತ್ತರಿಸಿಹೋಗಿದೆ. ಫೋಟೊ ಸುತ್ತ ಬಿಳಿ ಅಂಚು ಇಲ್ಲ, ಕಾಗದದ ತುದಿಯವರೆಗೂ ಹೋಗಿದೆ. ಇದಕ್ಕೆ ಬ್ಲೀಡ್ ಅನ್ನುತ್ತಾರೆ. ಅಚ್ಚು ಹಾಕುವಾಗ ಸಾಮಾನ್ಯವಾಗಿ 3 ಮಿ.ಮೀ. ಆಚೆಗೂ ಚಿತ್ರ ಬಿಟ್ಟು ಆಮೇಲೆ ಕತ್ತರಿಸುತ್ತಾರೆ. ಅಂಚಿರುವ ಫೋಟೊ ಗೋಡೆಗೆ ಹಾಕಿದ ಫ್ರೇಮಿನ ಹಾಗೆ ದೂರ ನಿಲ್ಲುತ್ತದೆ. ಬ್ಲೀಡ್ ಆದದ್ದು ಕಿಟಕಿ ತೆರೆದ ಹಾಗೆ. ಅರ್ಧ ತುಂಡಾದ ಸಿಂಬಲ್ ನೋಡಿದಾಗ ಪುಟದ ಆಚೆಗೂ ಡ್ರಮ್ ಸೆಟ್ ಇದೆ, ನಾವು ಅದರ ಪಕ್ಕದಲ್ಲೇ ನಿಂತಿದ್ದೇವೆ ಅನ್ನಿಸುತ್ತದೆ. ಸದ್ದು ಕೇಳಿಸದ ಕಾಗದದ ಮೇಲೆ ಜೋರು ಸದ್ದು ತೋರಿಸಲು ಇದಕ್ಕಿಂತ ಅಗ್ಗದ ದಾರಿ ಇಲ್ಲ.

ಅವನ ಮುಖ ಬಲಕ್ಕೆ ತಿರುಗಿದೆ, ಕಣ್ಣು ನಮ್ಮ ಕಡೆ ಇಲ್ಲ. ಫೋನಿನಲ್ಲಿ ಆ ಫೋಟೊ ತೆಗೆದು ಮಿರರ್ ಮಾಡಿ ನೋಡಿ. ಈಗ ಅವನು ಎಡಕ್ಕೆ, ಪುಟದಿಂದ ಆಚೆಗೆ ನೋಡುತ್ತಾನೆ. ನಮ್ಮ ಕಣ್ಣೂ ಅವನ ಹಿಂದೆಯೇ ಪುಟ ಬಿಟ್ಟು ಹೋಗುತ್ತದೆ, ಬಲಪುಟ ಅನಾಥ. ಮೂಲ ಫೋಟೊದಲ್ಲಿ ಅವನು ನೋಡುವ ಕಡೆಗೆ ನಾವೂ ನೋಡಿದರೆ ಸಿಗುವುದು ಹೆಡ್‌ಲೈನು. ಈ ಒಂದು ಪರೀಕ್ಷೆ ಮಾಡಿದರೆ ‘ನೋಟದ ದಿಕ್ಕು’ ಅಂತ ಪಠ್ಯದಲ್ಲಿ ಓದಿದ್ದು ಕೈಗೆ ಸಿಕ್ಕಿದ ಹಾಗಾಗುತ್ತದೆ. ಅವನು ನೇರ ನಮ್ಮನ್ನೇ ನೋಡಿದ್ದರೆ ಬೇರೆ ಕಥೆ. ಪಾಪ್ ಗಾಯಕರ ಫೋಟೊ ಹೆಚ್ಚಾಗಿ ಹಾಗಿರುತ್ತದೆ, ‘ನಿನ್ನ ಜೊತೆಗೇ ಮಾತಾಡ್ತಿದೀನಿ’ ಅನ್ನುವ ಹಾಗೆ.

ಎರಡು ಪುಟದ ನಡುವಿನ ಮಡಿಕೆಯನ್ನು ಮರೆಯಬೇಡಿ. ಗಟರ್ ಅಂತಾರೆ. ಇದರ ಪಾಠ ನಾನು ಕಲಿತದ್ದು ಅವಮಾನ ಮಾಡಿಕೊಂಡು. ತುಂಬಾ ಹಿಂದೆ ಒಂದು ಸಂಗೀತ ಸಭೆಯ ವಾರ್ಷಿಕ ಸಂಚಿಕೆ ಮಾಡಿಕೊಡುವಾಗ ಹಿರಿಯ ಗಾಯಕಿಯೊಬ್ಬರ ಫೋಟೊವನ್ನು ಎರಡು ಪುಟಕ್ಕೂ ಹರಡಿದ್ದೆ. ಸ್ಕ್ರೀನಿನ ಮೇಲೆ ಏನು ಚೆಂದ ಇತ್ತು ಅಂತೀರಿ, ತಂಬೂರಿ ಒಂದು ಕಡೆ, ಅವರು ನಟ್ಟನಡುವೆ. ಗಮ್ ಬೈಂಡಿಂಗ್ ಆಗಿ ಬಂದಾಗ ಎರಡೂ ಕಡೆಯಿಂದ ಅರ್ಧರ್ಧ ಸೆಂ.ಮೀ. ಒಳಗೆ ಹೋಗಿ ಅವರ ಮೂಗೇ ಕಾಣೆ. ಬಿಡುಗಡೆಯ ದಿನ ಅವರು ಸಂಚಿಕೆ ತೆರೆದು, ಅಂಗೈಯಿಂದ ಒತ್ತಿ, ಮತ್ತೆ ಒತ್ತಿ ನೋಡಿ, ‘ಬೈಂಡಿಂಗ್ ಗಟ್ಟಿಯಾಗಿ ಮಾಡಿಸಿದೀರಪ್ಪ’ ಅಂದರು. ನಾನು ಕಾಫಿ ತರುತ್ತೇನೆ ಅಂತ ಎದ್ದುಹೋದೆ.

ಹಾಗಾಗಿ ನೋಡಿ: ಗಟರ್ ದಾಟಿದ್ದು ಏನು, ದಾಟದೆ ನಿಂತದ್ದು ಏನು? ನಡುವೆ ಪಿನ್ನು ಹೊಡೆದ ಮ್ಯಾಗಜೀನ್ ಆದರೆ ನಟ್ಟನಡುವಿನ ಸ್ಪ್ರೆಡ್ ಮಾತ್ರ ನಿಜವಾಗಿ ಒಂದೇ ಕಾಗದ. ಪೋಸ್ಟರ್ ಸಾಮಾನ್ಯವಾಗಿ ಅಲ್ಲೇ ಇರುವುದು ಅದಕ್ಕೇ. ಮಿಕ್ಕ ಸ್ಪ್ರೆಡ್‌ಗಳಲ್ಲಿ ಎಡಪುಟ, ಬಲಪುಟ ಬೇರೆ ಬೇರೆ ಕಡೆ ಅಚ್ಚಾಗಿ ಬಂದು ಪಕ್ಕಪಕ್ಕ ಸೇರುತ್ತವೆ. ಗೆರೆಯೊಂದು ಗಟರ್ ದಾಟಿದರೆ ಕೂದಲೆಳೆಯಷ್ಟು ಹೆಚ್ಚುಕಡಿಮೆ ಆಗುವುದುಂಟು. ಅನುಭವ ಇರುವ ಡಿಸೈನರ್ ಸಣ್ಣ ಅಕ್ಷರವನ್ನು ಅಲ್ಲಿ ದಾಟಿಸುವುದಿಲ್ಲ.

ಅಕ್ಷರದ ವಿಷಯಕ್ಕೆ ಬಂದರೆ ನಾನು ಜಾಸ್ತಿ ಹೊತ್ತು ನಿಲ್ಲುತ್ತೇನೆ, ಕ್ಷಮಿಸಿ, ಹೊಟ್ಟೆಪಾಡು ಅದೇ. ಮೊದಲು ಅಳತೆ. ಹೆಡ್‌ಲೈನಿನ ಅಕ್ಷರದ ಎತ್ತರ ಮಿ.ಮೀ.ನಲ್ಲಿ ಬರೆದುಕೊಳ್ಳಿ, ಬರಹದ ದೊಡ್ಡಕ್ಷರದ ಎತ್ತರವನ್ನೂ. ನಮ್ಮದರಲ್ಲಿ 38 ಮತ್ತು 2. ಅಂದರೆ 19 ಪಟ್ಟು. ‘ಹೆಡ್‌ಲೈನ್ ದೊಡ್ಡದಾಗಿದೆ’ ಅನ್ನುವುದಕ್ಕೂ ‘ಬರಹದ 19 ಪಟ್ಟು ಇದೆ’ ಅನ್ನುವುದಕ್ಕೂ ಎಷ್ಟು ವ್ಯತ್ಯಾಸ ನೋಡಿ. ಪಾಯಿಂಟ್ ಸೈಜ್ ಹೇಳಲು ಹೋಗಬೇಡಿ. 72 ಪಾಯಿಂಟ್ ಅಂದರೆ ಒಂದು ಇಂಚು ಅನ್ನುವುದು ನಿಜ, ಆದರೆ ಅದು ಬರೀ ಅಕ್ಷರದ ಎತ್ತರ ಅಲ್ಲ, ಮೇಲೆ ಕೆಳಗೆ ಬಿಟ್ಟ ಜಾಗವೂ ಸೇರಿರುತ್ತದೆ. ಸ್ಕೇಲಿನಲ್ಲಿ ಅಳೆದು ಪಾಯಿಂಟ್ ಅಂತ ಬರೆದರೆ ತಪ್ಪಾಗುತ್ತದೆ.

ಆಮೇಲೆ ಅಕ್ಷರದ ದನಿ. ತುದಿಗೆ ಸಣ್ಣ ಬಾಲ ಇರುವ ಸೆರಿಫ್ ಅಕ್ಷರ ನಿಧಾನವಾಗಿ ಮಾತಾಡುತ್ತದೆ, ಬಾಲ ಇಲ್ಲದ ದಪ್ಪ ಅಕ್ಷರ ಕೂಗುತ್ತದೆ ಅಂತ ಪುಸ್ತಕದಲ್ಲಿ ಬರೆದಿರುತ್ತಾರೆ. ಅಷ್ಟನ್ನೇ ನಂಬಬೇಡಿ. ‘ರೋಲಿಂಗ್ ಸ್ಟೋನ್’ ಅನ್ನುವ ಅಮೆರಿಕದ ಮ್ಯೂಸಿಕ್ ಮ್ಯಾಗಜೀನ್ 1967ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಶುರುವಾದಾಗ ನ್ಯೂಸ್‌ಪ್ರಿಂಟಿನಲ್ಲಿ, ಮಡಚಿದ ದಿನಪತ್ರಿಕೆಯ ಹಾಗೆ ಬರುತ್ತಿತ್ತು. 1987ರಲ್ಲಿ ಫ್ರೆಡ್ ವುಡ್‌ವರ್ಡ್ ಆರ್ಟ್ ಡೈರೆಕ್ಟರ್ ಆಗಿ ಬಂದ ಮೇಲೆ ಅದರ ಲೇಖನದ ಮೊದಲ ಸ್ಪ್ರೆಡ್‌ಗಳು ಹೆಸರುವಾಸಿಯಾದವು: ಒಂದು ಪುಟ ಪೂರ್ತಿ ಫೋಟೊ, ಎದುರು ಪುಟ ಪೂರ್ತಿ ಅಕ್ಷರದ ಆಟ. ಹಳೆಯ ಕಾಲದ ಬಾಲದ ಅಕ್ಷರಗಳನ್ನೇ ಹಿಗ್ಗಿಸಿ, ಪೇರಿಸಿ, ಕೂಗುವ ಹಾಗೆ ಮಾಡಿದರು. ಲಂಡನ್ನಿನ ‘ದಿ ಫೇಸ್’ ಇನ್ನೊಂದು ಬಗೆ. 1980ರಲ್ಲಿ ನಿಕ್ ಲೋಗನ್ ಶುರು ಮಾಡಿದ್ದು, ಮರುವರ್ಷದಿಂದ ನೆವಿಲ್ ಬ್ರೋಡಿ ವಿನ್ಯಾಸ. ಬ್ರೋಡಿ ಹೆಡ್‌ಲೈನಿಗೆ ತಾನೇ ಅಕ್ಷರ ಬರೆದುಕೊಂಡ. ಪರಿವಿಡಿ ಪುಟದ ‘ಕಂಟೆಂಟ್ಸ್’ ಅನ್ನುವ ಪದವನ್ನು ಸಂಚಿಕೆಯಿಂದ ಸಂಚಿಕೆಗೆ ಸ್ವಲ್ಪ ಸ್ವಲ್ಪವೇ ಸವೆಸುತ್ತಾ ಹೋಗಿ ಕೊನೆಗೆ ಓದಲಾಗದ ಗುರುತು ಮಾಡಿಟ್ಟ. ಆದರೂ ಓದುಗನಿಗೆ ಅದು ಪರಿವಿಡಿ ಅಂತ ಗೊತ್ತಿತ್ತು, ಯಾಕೆಂದರೆ ಅದು ಇರುವ ಜಾಗ ಅವನಿಗೆ ಗೊತ್ತು.

ನಿಯಮ ಮುರಿದದ್ದಕ್ಕೆ ಎಲ್ಲರೂ ಕೊಡುವ ಉದಾಹರಣೆ ‘ರೇ ಗನ್’. 1992ರಲ್ಲಿ ಶುರುವಾದ ಅಮೆರಿಕದ ಮ್ಯಾಗಜೀನ್, ಮೊದಲ ಆರ್ಟ್ ಡೈರೆಕ್ಟರ್ ಡೇವಿಡ್ ಕಾರ್ಸನ್. 1994ರಲ್ಲಿ ಇಂಗ್ಲಿಷ್ ಗಾಯಕ ಬ್ರಯನ್ ಫೆರಿ ಸಂದರ್ಶನ ಬಂತು. ಕಾರ್ಸನ್‌ಗೆ ಅದು ಬೋರ್ ಹೊಡೆಸಿತಂತೆ. ಇಡೀ ಸಂದರ್ಶನವನ್ನು ಝಾಫ್ ಡಿಂಗ್‌ಬ್ಯಾಟ್ಸ್ ಅನ್ನುವ ಫಾಂಟಿನಲ್ಲಿ ಕೂರಿಸಿಬಿಟ್ಟ. ಅದರಲ್ಲಿ ಅಕ್ಷರವೇ ಇಲ್ಲ, ಬರೀ ನಕ್ಷತ್ರ, ಕತ್ತರಿ, ಬಾಣದ ಗುರುತು. ಒಂದು ಪದವನ್ನೂ ಓದಲಾಗದು! ವಿದ್ಯಾರ್ಥಿಗಳು ಇದನ್ನು ‘ಬಂಡಾಯ’ ಅಂತ ಬರೆದು ಮುಂದೆ ಹೋಗುತ್ತಾರೆ. ನಾನು ಕೇಳುವುದು ಬೇರೆ: ಏನನ್ನು ಮುರಿಯಲಿಲ್ಲ? ಕಾಲಂ ಕಾಲಂ ಆಗಿಯೇ ಇತ್ತು. ಅದಕ್ಕೇ ಅದು ಸಂದರ್ಶನ ಅಂತ ಗೊತ್ತಾಗಿದ್ದು, ಜೋಕ್ ಹತ್ತಿದ್ದು. ಜೊತೆಗೆ ಅದೇ ಸಂಚಿಕೆಯ ಕೊನೆಯಲ್ಲಿ ಓದಲು ಬರುವ ಅಕ್ಷರದಲ್ಲೂ ಅಚ್ಚು ಮಾಡಿದ್ದರು. ಈ ಕೊನೆಯ ಸಂಗತಿಯನ್ನು ಯಾಕೋ ಯಾರೂ ಹೇಳುವುದಿಲ್ಲ, ಕಥೆಯ ಖಾರ ಕಡಿಮೆಯಾಗುತ್ತದೆ ಅಂತಿರಬೇಕು.

ಕನ್ನಡದ ಸ್ಪ್ರೆಡ್ ನೋಡುವವರಾದರೆ ಇಂಗ್ಲಿಷಿನ ಅಳತೆಗೋಲು ಹಾಗೇ ತರಬೇಡಿ. ನಮಗೆ ಕ್ಯಾಪಿಟಲ್ ಅಕ್ಷರ ಇಲ್ಲ. ದೊಡ್ಡದು ಚಿಕ್ಕದು ಅನ್ನುವ ಮೆಟ್ಟಿಲನ್ನು ಸೈಜು, ದಪ್ಪ, ಬಣ್ಣದಲ್ಲೇ ಕಟ್ಟಬೇಕು. ಇಟಾಲಿಕ್ ಅಂತ ಹಾಕುವುದು ಹೆಚ್ಚಿನ ಸಲ ಅದೇ ಅಕ್ಷರವನ್ನು ಕಂಪ್ಯೂಟರ್ ಸೊಟ್ಟ ಮಾಡಿದ್ದು, ಸ್ವಲ್ಪ ನೋಡಿದರೆ ಗೊತ್ತಾಗುತ್ತದೆ. ಎಲ್ಲಕ್ಕಿಂತ ದೊಡ್ಡ ತಲೆನೋವು ಒತ್ತಕ್ಷರ. ‘ಮಲ್ಲಿಕಾರ್ಜುನ ಮನಸೂರ’ ಅಂತ ಎರಡು ಸಾಲಿನ ಹೆಡ್‌ಲೈನ್ ಮಾಡಿ ನೋಡಿ. ಇಂಗ್ಲಿಷ್ ಹೆಡ್‌ಲೈನಿನ ಹಾಗೆ ಸಾಲುಗಳನ್ನು ಹತ್ತಿರ ತಂದರೆ ‘ಲ್ಲಿ’ಯ ಒತ್ತು ಬಂದು ಕೆಳಗಿನ ‘ನ’ದ ತಲೆಕಟ್ಟಿನ ಮೇಲೆ ಕೂರುತ್ತದೆ. ದೂರ ಮಾಡಿದರೆ ಹೆಸರೇ ಎರಡು ತುಂಡಾದ ಹಾಗೆ ಕಾಣುತ್ತದೆ. ಜಾಣ ಡಿಸೈನರ್ ಕೆಳಗಿನ ಸಾಲನ್ನು ಸ್ವಲ್ಪ ಪಕ್ಕಕ್ಕೆ ಜರುಗಿಸಿ ಒತ್ತನ್ನು ಎರಡು ಅಕ್ಷರದ ಸಂದಿಗೆ ಇಳಿಸುತ್ತಾನೆ. ಅಂಥದ್ದು ಕಂಡರೆ ಬರೆಯಿರಿ, ಅದು ಚಿನ್ನದಂಥ ಅಂಶ. ಪ್ಯಾರಾದ ಮೊದಲ ಅಕ್ಷರವನ್ನು ದೊಡ್ಡದು ಮಾಡುವ ಡ್ರಾಪ್ ಕ್ಯಾಪ್‌ಗೂ ಇದೇ ಪಾಡು. ‘ಹಾಡು’ ಅಂತ ಶುರುವಾದರೆ ಸಲೀಸು, ‘ಸ್ವರ’ ಅಂತ ಶುರುವಾದರೆ ಒತ್ತಿನ ಬಾಲ ಕೆಳಗಿನ ಸಾಲಿಗೆ ನೇತಾಡುತ್ತದೆ. ಇನ್ನು ಕಿರಿದಾದ ಕಾಲಂನಲ್ಲಿ ನಮ್ಮ ಉದ್ದುದ್ದ ಪದಗಳನ್ನು ಎರಡೂ ಅಂಚಿಗೆ ಸರಿಮಾಡಿ ಕೂರಿಸಿದರೆ ನಡುವೆ ಹಲ್ಲು ಉದುರಿದ ಬಾಯಿಯ ಹಾಗೆ ಸಂದು ಬೀಳುತ್ತದೆ. ಅಂಥ ಸಂದು ಎಷ್ಟು ಅಂತ ಒಂದು ಕಾಲಂನಲ್ಲಿ ಎಣಿಸಿ.

ಬಣ್ಣದ ಬಗ್ಗೆ ಜಾಸ್ತಿ ಬೇಡ. ಎಷ್ಟು ಬಣ್ಣ ಇದೆ ಎಣಿಸಿ, ಒಂದೊಂದು ಎಲ್ಲೆಲ್ಲಿ ಮತ್ತೆ ಬಂದಿದೆ ನೋಡಿ. ‘ಕೆಂಪು ಅಂದರೆ ಕೋಪ, ಪ್ರೀತಿ, ಅಪಾಯ’ ಅಂತ ಬರೆಯುವುದಕ್ಕಿಂತ ‘ಕೆಂಪು ಮೂರು ಕಡೆ ಮಾತ್ರ ಇದೆ: ಹೆಡ್‌ಲೈನು, ಡ್ರಾಪ್ ಕ್ಯಾಪು, ಪುಲ್ ಕೋಟಿನ ಗೆರೆ, ಮೂರನ್ನೂ ಸೇರಿಸಿದರೆ ಕಣ್ಣು ಮೇಲಿನಿಂದ ಕೆಳಕ್ಕೆ ಇಳಿಯುವ ದಾರಿ’ ಅಂತ ಬರೆದರೆ ಮೇಷ್ಟ್ರು ಖುಷಿಪಡುತ್ತಾರೆ.

ಈಗ ಓದಿ. ಆದರೆ ಲೇಖನವನ್ನಲ್ಲ, ಅದರ ಸುತ್ತ ಇರುವ ಚೂರುಪಾರು ಬರಹವನ್ನು. ಹೆಡ್‌ಲೈನಿನ ಕೆಳಗಿನ ಇಂಟ್ರೋ, ಬರೆದವರ ಹೆಸರು, ಫೋಟೊ ತೆಗೆದವರ ಹೆಸರು, ಫೋಟೊ ಕೆಳಗಿನ ಸಾಲು, ಪುಲ್ ಕೋಟ್. ಲೇಖನದ ನಡುವಿನಿಂದ ಒಂದು ಮಾತು ಎತ್ತಿ ದೊಡ್ಡದು ಮಾಡಿರುತ್ತಾರಲ್ಲ, ಆ ಮಾತು ಲೇಖನದಲ್ಲಿ ಎಲ್ಲಿದೆ ಹುಡುಕಿ. ನಮ್ಮ ಡ್ರಮ್ಮರ್‌ನ ಪುಲ್ ಕೋಟ್ ಬ್ಯಾಂಡಿನಲ್ಲಿ ನಡೆದ ಜಗಳದ ಬಗ್ಗೆ. ಲೇಖನದಲ್ಲಿ ಆ ಜಗಳ ಬರುವುದು ಎರಡು ಪುಟ ಆದಮೇಲೆ, ಅದೂ ನಾಲ್ಕೇ ಸಾಲು. ಮಿಕ್ಕದ್ದೆಲ್ಲ ತಾಳದ ಬಗ್ಗೆ, ಅಭ್ಯಾಸದ ಬಗ್ಗೆ. ನಮ್ಮನ್ನು ಒಳಗೆ ಎಳೆಯಲು ಯಾವ ಗಾಳ ಹಾಕಿದರು ಅನ್ನುವುದು ಇಲ್ಲಿ ಸಿಕ್ಕಿಬೀಳುತ್ತದೆ.

ಇಷ್ಟಾದ ಮೇಲೆ ಕೇಳಿ: ಇದು ಯಾರಿಗೆ? 1978ರಲ್ಲಿ ಬ್ರಿಟನ್ನಿನಲ್ಲಿ ಬಂದ ‘ಸ್ಮ್ಯಾಶ್ ಹಿಟ್ಸ್’ ಹಾಡಿನ ಸಾಹಿತ್ಯವನ್ನೇ ಅಚ್ಚು ಹಾಕುತ್ತಿತ್ತು, ಓದುಗರು ಸ್ಕೂಲು ಮಕ್ಕಳು, ಪುಟ ಬಣ್ಣದ ಹಬ್ಬ. 1981ರ ‘ಕೆರಾಂಗ್’ ಹೆಸರೇ ಗಿಟಾರ್ ತಂತಿ ಬಾರಿಸಿದ ಸದ್ದು. ಅದರ ಲೋಗೊದ ಅಕ್ಷರಗಳು ಬಿರುಕು ಬಿಟ್ಟ ಹಾಗಿವೆ, ಪುಟದಲ್ಲಿ ಉಸಿರಾಡಲು ಜಾಗ ಇರುವುದಿಲ್ಲ. 1993ರ ‘ಮೋಜೊ’ ಹಳೆಯ ರೆಕಾರ್ಡ್ ಕೂಡಿಟ್ಟವರಿಗೆ, ಹೊತ್ತು ಕೊಟ್ಟು ಉದ್ದದ ಲೇಖನ ಓದುವವರಿಗೆ. ಚೆನ್ನೈನಲ್ಲಿ 1983ರಲ್ಲಿ ಶುರುವಾದ ‘ಶ್ರುತಿ’ ಸಿಕ್ಕರೆ ಇವುಗಳ ಪಕ್ಕ ಇಟ್ಟು ನೋಡಿ, ಕಛೇರಿ ಕೇಳುವ ಓದುಗ ಪುಟದಿಂದ ಏನು ಬಯಸುತ್ತಾನೆ ಅನ್ನುವುದು ಹೋಲಿಕೆಯಲ್ಲಿ ಬೇಗ ಹೊಳೆಯುತ್ತದೆ. ಮ್ಯಾಗಜೀನಿನ ಜಾಹೀರಾತುಗಳನ್ನೂ ಒಮ್ಮೆ ತಿರುವಿ. ಗಿಟಾರ್ ಮಾರುತ್ತಿದ್ದಾರಾ, ಶಾಂಪೂ ಮಾರುತ್ತಿದ್ದಾರಾ? ಓದುಗ ಯಾರು ಅಂತ ಜಾಹೀರಾತು ಕೊಡುವವನಿಗೆ ಚೆನ್ನಾಗಿ ಗೊತ್ತಿರುತ್ತದೆ.

ಬರೆಯುವಾಗ ಒಂದೊಂದು ಪ್ಯಾರಾದಲ್ಲೂ ಏನಿದೆ, ಅದು ನನ್ನ ಕಣ್ಣಿಗೆ ಏನು ಮಾಡಿತು, ಯಾಕೆ ಹಾಗೆ ಮಾಡಿರಬಹುದು, ಈ ಮೂರೂ ಬರಬೇಕು. ಎಲ್ಲವನ್ನೂ ಬರೆಯಲು ಹೋಗಬೇಡಿ. ಪುಟ ಸಂಖ್ಯೆಯಿಂದ ಹಿಡಿದು ಪಿನ್ನಿನವರೆಗೆ ಪಟ್ಟಿ ಮಾಡಿದರೆ ಅದು ಮಹಜರು ಆಗುತ್ತದೆ. ಬಲವಾದ ಮೂರೋ ನಾಲ್ಕೋ ಹಿಡಿದುಕೊಳ್ಳಿ. ಕೆಟ್ಟದ್ದು ಕಂಡರೆ ಕೆಟ್ಟದ್ದು ಅನ್ನಿ. ನಮ್ಮ ಸ್ಪ್ರೆಡ್‌ನಲ್ಲಿ ಇಂಟ್ರೋವನ್ನು ತೆಳು ಬೂದು ಅಕ್ಷರದಲ್ಲಿ ಹಾಕಿದ್ದಾರೆ, ದೀಪ ಹಾಕಿಕೊಂಡರೂ ಕಾಣುವುದಿಲ್ಲ. ಅದು ಶೈಲಿ ಅಲ್ಲ, ತಪ್ಪು.

ಸಂಜೆ ಅಕ್ಕನ ಮಗಳು ಮೊದಲ ಪ್ಯಾರಾ ಮತ್ತೆ ಬರೆದಳು: ‘ಮೊದಲು ಕಂಡದ್ದು ಡ್ರಮ್ಮರ್‌ನ ಕೈ, ಮುಖ ಅಲ್ಲ. ಕೈ ಮೇಲೆ ಬೆಳಕಿದೆ, ಮುಖ ಅರ್ಧ ನೆರಳಿನಲ್ಲಿದೆ. ಲೇಖನ ಅವನ ಬದುಕಿನ ಬಗ್ಗೆ ಅಲ್ಲ, ಅವನ ಬಾರಿಸುವಿಕೆಯ ಬಗ್ಗೆ.’ ಸಾಕು, ಇನ್ನೇನು ಬೇಕು ಅಂದೆ. ವಾರೆ ಹೆಡ್‌ಲೈನಿನ ಬಗ್ಗೆ ಮಾತ್ರ ಇಬ್ಬರಿಗೂ ಏನೂ ಹೊಳೆದಿರಲಿಲ್ಲ. ರಾಕ್ ಅಲ್ವಾ, ಜೋಶ್ ಬರಲಿ ಅಂತ ವಾರೆ ಮಾಡಿರುತ್ತಾರೆ, ‘ಚಲನೆ’ ಅಂತ ಬರೆದು ಮುಗಿಸು ಅಂದಿದ್ದೆ. ಅವಳು ಸುಮ್ಮನೆ ಸ್ಕೇಲು ತಗೊಂಡು ಫೋಟೊದ ಆ ಸ್ಪಷ್ಟವಾದ ಎಡಗೈ ಕೋಲಿನ ಮೇಲೆ ಇಟ್ಟಳು. ಪೆನ್ಸಿಲ್ ಗೆರೆ ಕೋಲಿನ ತುದಿಯಿಂದ ಹೊರಟು ಗಟರ್ ದಾಟಿ, ಬಲಪುಟದಲ್ಲಿ ಹೆಡ್‌ಲೈನಿನ ಅಕ್ಷರಗಳ ಬುಡಕ್ಕೆ ಸರಿಯಾಗಿ ಹೋಗಿ ಕೂತಿತು. ಆ ಮ್ಯಾಗಜೀನ್ ನನ್ನ ಹತ್ತಿರ ಎಷ್ಟು ವರ್ಷದಿಂದ ಇತ್ತೋ.